ಚಿಮ್ನಿಯ ಎಳೆತ ಕಡಿಮೆಯಾಗಿದೆ, ಸದ್ದು ಹೆಚ್ಚಾಗಿದೆ: ಮೋಟಾರು ಬದಲಿಸಲೇಬೇಕೆ?

ಪ್ರಶ್ನೆ: ಒಗ್ಗರಣೆ_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಮೂರನೆಯ ಮಹಡಿಯ ಮನೆ. ಅಡುಗೆಮನೆ ಸುಮಾರು 8 ಅಡಿ ಅಗಲ, 10 ಅಡಿ ಉದ್ದವಿದೆ. ಒಲೆಯ ಮೇಲೆ 60 ಸೆಂಟಿಮೀಟರ್ ಅಗಲದ ಚಿಮ್ನಿ ಇದ್ದು, ಅದಕ್ಕೆ ಎರಡು ಬ್ಯಾಫಲ್ ಫಿಲ್ಟರ್‌ಗಳಿವೆ (ಗಾಳಿಯನ್ನು ಲೋಹದ ಕಾಲುವೆಗಳ ನಡುವೆ ತಿರುಗಿಸಿ ಎಣ್ಣೆಯನ್ನು ಹಿಡಿಯುವ ಬಗೆ). ಅದರ ಪೈಪು ಫಾಲ್ಸ್ ಸೀಲಿಂಗ್ ಒಳಗಿನಿಂದ ಹಾದು ಯುಟಿಲಿಟಿಯ ಹೊರಗೋಡೆಗೆ ಹೋಗುತ್ತದೆ. ತಾನೇ ಶುಚಿಗೊಳಿಸಿಕೊಳ್ಳುವ ಆಟೋಕ್ಲೀನ್ ವ್ಯವಸ್ಥೆ ಇದರಲ್ಲಿಲ್ಲ.

ಕೆಲವು ತಿಂಗಳುಗಳಿಂದ ಒಗ್ಗರಣೆಯ ಘಾಟು ನೇರವಾಗಿ ನಡುಮನೆಗೆ ಬರುತ್ತಿದೆ. ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಮನೆಯವರೆಲ್ಲರೂ ಕೆಮ್ಮುತ್ತಾರೆ. ಚಿಮ್ನಿಯ ಸದ್ದು ಮಾತ್ರ ಮೊದಲಿಗಿಂತ ಜೋರಾಗಿದೆ, ಮೂರನೆಯ ವೇಗದಲ್ಲಿ ಇಡೀ ಪೆಟ್ಟಿಗೆಯೇ ಅದುರುತ್ತದೆ. ಇದರ ಜೊತೆಗೆ ಫಿಲ್ಟರಿನ ಮುಂದಿನ ಅಂಚಿನಿಂದ ಕಂದುಬಣ್ಣದ ಎಣ್ಣೆ ಹನಿಹನಿಯಾಗಿ ಒಲೆಯ ಮೇಲೆ ಬೀಳತೊಡಗಿದೆ.

ಸರ್ವಿಸ್ ಮಾಡಲು ಬಂದವರು ಬಕೆಟ್ಟಿನಲ್ಲಿ ಬಿಳಿಯ ಹರಳಿನಂತಹ ಪುಡಿಯನ್ನು ಬಿಸಿನೀರಿಗೆ ಹಾಕಿ ಫಿಲ್ಟರುಗಳನ್ನು ಅದರಲ್ಲಿ ಮುಳುಗಿಸಿದರು. ನೀರು ನೊರೆಯುಕ್ಕಿಸಿ ಬುಸುಗುಟ್ಟಿತು, ಮೂಗಿಗೆ ಅಡರುವ ವಾಸನೆ ಬಂತು. ಹೊರತೆಗೆದಾಗ ಜಿಡ್ಡು ಹೋಗಿತ್ತು, ಆದರೆ ಬೆಳ್ಳಗಿದ್ದ ಫಿಲ್ಟರುಗಳು ಕಪ್ಪಾಗಿದ್ದವು, ಮುಟ್ಟಿದರೆ ಕೈಗೂ ಕಪ್ಪು ಹತ್ತುತ್ತಿತ್ತು. ಅವರು ಹೋದ ಮೇಲೂ ಎಳೆತ ಸುಧಾರಿಸಲಿಲ್ಲ. ಎರಡನೆಯ ಸಲ ಬಂದಾಗ ಮೋಟಾರು ಹೋಗಿದೆ, ಬದಲಿಸಬೇಕು, ಅದಕ್ಕಿಂತ ಹಳೆಯದನ್ನು ಕೊಟ್ಟು ಫಿಲ್ಟರ್ ಇಲ್ಲದ ಹೊಸ ಆಟೋಕ್ಲೀನ್ ಚಿಮ್ನಿಯನ್ನೇ ಕೊಳ್ಳುವುದು ಲಾಭ ಎಂದು ಹೇಳಿದರು.

ನನ್ನ ಪ್ರಶ್ನೆಗಳು ಇವು. ಮೋಟಾರು ನಿಜವಾಗಿಯೂ ಕೆಟ್ಟಿದೆಯೇ ಎಂದು ಮನೆಯಲ್ಲೇ ತಿಳಿಯುವ ದಾರಿ ಇದೆಯೇ? ಫಿಲ್ಟರುಗಳನ್ನು ಯಾವುದರಿಂದ ತೊಳೆಯಬೇಕು? ಆಟೋಕ್ಲೀನ್ ಚಿಮ್ನಿ ತೆಗೆದುಕೊಂಡರೆ ತೊಳೆಯುವ ಕೆಲಸ ನಿಜವಾಗಿಯೂ ತಪ್ಪುತ್ತದೆಯೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕು.

---

ಉತ್ತರ: ಮೋಟಾರು_ಮೇಸ್ತ್ರಿ, ಹುಬ್ಬಳ್ಳಿ

ನಮಸ್ಕಾರ ಮೇಡಂ. ಮಿಕ್ಸರು, ವಾಷಿಂಗ್ ಮಷೀನು, ಚಿಮ್ನಿಗಳ ರಿಪೇರಿ ನನ್ನ ಹೊಟ್ಟೆಪಾಡು. ನೀವು ಬರೆದುದನ್ನು ಓದಿದರೆ ಮೋಟಾರಿನ ಮೇಲೆ ನನಗೆ ಅನುಮಾನ ಬರುವುದಿಲ್ಲ. ಚಿಮ್ನಿಯ ಮೋಟಾರು ಸಾಮಾನ್ಯವಾಗಿ ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟು ಮೋಟಾರು ತಿರುಗಲು ನೆರವಾಗುವ ಸಣ್ಣ ಬಿಡಿಭಾಗ) ಜೋಡಿಸಿದ ಇಂಡಕ್ಷನ್ ಮೋಟಾರು. ಅದರಲ್ಲಿ ಸವೆಯುವ ಕಾರ್ಬನ್ ಬ್ರಷ್ ಇರುವುದಿಲ್ಲ. ಬೇರಿಂಗ್ ಮತ್ತು ಕೆಪಾಸಿಟರ್ ಸರಿಯಾಗಿದ್ದರೆ ಅದು ಬಹಳ ವರ್ಷ ಓಡುತ್ತದೆ. ಎಳೆತ ಕಡಿಮೆಯಾಗುವುದಕ್ಕೆ ಗಾಳಿಯ ದಾರಿಯಲ್ಲಿ ಎಲ್ಲೋ ಅಡ್ಡಿಯಾಗಿರುವುದೇ ಹೆಚ್ಚಿನ ಸಲ ಕಾರಣ, ಮತ್ತು ಆ ಅಡ್ಡಿ ಇರಬಹುದಾದ ಜಾಗಗಳು ಮೂರೇ: ಫಿಲ್ಟರು, ಗಾಳಿ ಎಳೆಯುವ ಬ್ಲೋವರ್ ಚಕ್ರ, ಹೊರಹೋಗುವ ಪೈಪು.

ಯಾವ ಜಾಗವೆಂದು ಕಂಡುಹಿಡಿಯಲು ದಿನಪತ್ರಿಕೆಯ ಒಂದು ಹಾಳೆ ಸಾಕು. ಒಲೆ ಆರಿಸಿ ಚಿಮ್ನಿಯನ್ನು ಮೂರನೆಯ ವೇಗದಲ್ಲಿ ಹಚ್ಚಿ, ಅರ್ಧಕ್ಕೆ ಮಡಿಸಿದ ಹಾಳೆಯನ್ನು ಫಿಲ್ಟರಿನ ಕೆಳಗೆ ಹಿಡಿದು ಕೈಬಿಡಿ. ಎಳೆತ ಸರಿಯಿದ್ದರೆ ಹಾಳೆ ಕಚ್ಚಿಕೊಂಡು ನಿಲ್ಲುತ್ತದೆ. ನಿಲ್ಲದಿದ್ದರೆ ಚಿಮ್ನಿ ಆರಿಸಿ, ಫಿಲ್ಟರುಗಳನ್ನು ತೆಗೆದು, ಮತ್ತೆ ಹಚ್ಚಿ ಗಾಳಿಯ ಸೆಳೆತವನ್ನು ಅಂಗೈಯಿಂದ ಗಮನಿಸಿ. ಹಾಳೆಯನ್ನು ಈಗ ತೆರೆದ ಬಾಯಿಯ ಹತ್ತಿರ ಒಯ್ಯಬೇಡಿ, ಅದು ಬ್ಲೋವರಿನೊಳಗೆ ಹೋಗುತ್ತದೆ. ಸೆಳೆತ ಒಮ್ಮೆಲೇ ಹೆಚ್ಚಿದರೆ ತೊಂದರೆ ಫಿಲ್ಟರಿನದು. ಹೆಚ್ಚದಿದ್ದರೆ ಚಿಮ್ನಿಯ ನೆತ್ತಿಯ ಕಾಲರಿನಿಂದ ಪೈಪನ್ನು ಬಿಡಿಸಿ ಇನ್ನೊಮ್ಮೆ ಹಚ್ಚಿ ನೋಡಬೇಕು. ಆಗ ಎಳೆತ ಮರಳಿದರೆ ಪೈಪು ಅಥವಾ ಅದರ ಹೊರಬಾಯಿ ಕಟ್ಟಿದೆ ಎಂದರ್ಥ. ಆಗಲೂ ಮರಳದಿದ್ದರೆ ಮಾತ್ರ ಬ್ಲೋವರ್ ಮತ್ತು ಮೋಟಾರಿನ ಕಡೆಗೆ ತಿರುಗಬೇಕು.

ಅದುರುವ ಸದ್ದಿನ ಕಾರಣ ಬಹುಮಟ್ಟಿಗೆ ಬ್ಲೋವರ್. ಅದು ಉದ್ದುದ್ದ ಸಣ್ಣ ರೆಕ್ಕೆಗಳನ್ನು ಸುತ್ತಲೂ ಜೋಡಿಸಿದ ಪಂಜರದಂತಹ ಚಕ್ರ. ರೆಕ್ಕೆಗಳ ಒಳಬಾಗಿನಲ್ಲಿ ಜಿಡ್ಡು ಪದರ ಪದರವಾಗಿ ಕೂರುತ್ತದೆ, ಅದರ ಮೇಲೆ ಧೂಳು ಅಂಟುತ್ತದೆ. ಜಿಡ್ಡು ಎಲ್ಲ ರೆಕ್ಕೆಗಳ ಮೇಲೂ ಒಂದೇ ಸಮನಾಗಿ ಕೂರುವುದಿಲ್ಲ. ಒಂದು ಬದಿ ಭಾರವಾದ ಚಕ್ರ ವೇಗವಾಗಿ ತಿರುಗಿದಾಗ ಪೆಟ್ಟಿಗೆ ಅದುರುತ್ತದೆ, ಅದೇ ಅದುರುವಿಕೆ ಕಾಲಕ್ರಮೇಣ ಬೇರಿಂಗನ್ನು ತಿನ್ನುತ್ತದೆ. ರೆಕ್ಕೆಗಳ ಬಾಗು ಜಿಡ್ಡಿನಿಂದ ತುಂಬಿಕೊಂಡರೆ ಅವು ಗಾಳಿಯನ್ನು ಹಿಡಿಯುವುದೂ ಇಲ್ಲ. ಹಾಗಾಗಿ ಸದ್ದು ಹೆಚ್ಚುವುದು, ಎಳೆತ ಕಡಿಮೆಯಾಗುವುದು ಎರಡೂ ಒಟ್ಟಿಗೆ ಬರುತ್ತವೆ.

ಪ್ಲಗ್ ಕಿತ್ತ ಮೇಲೆ ಬ್ಲೋವರನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ಕೆಲವು ಸುತ್ತು ತಿರುಗಿ ತಾನೇ ನಿಂತರೆ ಬೇರಿಂಗ್ ಚೆನ್ನಾಗಿದೆ. ಬಿಟ್ಟ ತಕ್ಷಣ ನಿಂತರೆ, ಗರಗರ ಎಂದರೆ, ಅಥವಾ ಚಕ್ರವನ್ನು ಅತ್ತಿತ್ತ ಅಲುಗಿಸಿದಾಗ ಅದು ಕೂತಿರುವ ದಂಡ (ಶಾಫ್ಟ್) ಸಡಿಲವಾಗಿ ಆಡಿದರೆ ಬೇರಿಂಗ್ ಅಥವಾ ಬುಷ್ ಹೋಗಿದೆ. ಹಚ್ಚಿದಾಗ ಗುಂಯ್ ಎಂದು ಸದ್ದು ಮಾಡಿ ತಿರುಗದೇ ನಿಂತರೆ ಅಥವಾ ತೀರಾ ನಿಧಾನವಾಗಿ ತಿರುಗಿದರೆ ಕೆಪಾಸಿಟರ್ ನೋಡಬೇಕು. ಕೆಪಾಸಿಟರ್ ಬದಲಿಸುವಾಗ ಅದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಸಂಖ್ಯೆಯದ್ದನ್ನೇ ಹಾಕಬೇಕು. ಇದರ ಬೆಲೆ ಮೋಟಾರಿನ ಬೆಲೆಯ ಮುಂದೆ ಏನೂ ಅಲ್ಲ, ಆದರೆ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಆದ್ದರಿಂದ ಆ ಭಾಗವನ್ನು ತಿಳಿದವರ ಕೈಗೇ ಬಿಡಿ.

ಬ್ಲೋವರನ್ನು ಬಿಚ್ಚಿಸುವುದಾದರೆ ಎರಡು ಮಾತುಗಳನ್ನು ನೆನಪಿಡಿ. ಕೆಲವು ಮಾದರಿಗಳಲ್ಲಿ ಅದನ್ನು ಹಿಡಿದಿರುವ ನಟ್ಟು ಎಡಸುತ್ತಿನದು, ಎಂದರೆ ಸಾಮಾನ್ಯ ನಟ್ಟಿಗೆ ವಿರುದ್ಧ ದಿಕ್ಕಿನಲ್ಲಿ ಬಿಚ್ಚುವಂಥದು. ಬಿಚ್ಚುತ್ತಿದ್ದೇನೆಂದು ತಿಳಿದು ಬಿಗಿಮಾಡುತ್ತಾ ಹೋದರೆ ದಂಡದ ತಿರುಪಿನ ಸುತ್ತುಗಳು ಹಾಳಾಗುತ್ತವೆ. ಎರಡನೆಯದಾಗಿ, ರೆಕ್ಕೆಗಳ ಮೇಲೆ ಎಲ್ಲೋ ಒಂದು ಕಡೆ ಸಣ್ಣ ಲೋಹದ ಕ್ಲಿಪ್ ಕಂಡರೆ ಅದನ್ನು ಕಸವೆಂದು ಕೀಳಬೇಡಿ. ಕಾರ್ಖಾನೆಯಲ್ಲಿ ಚಕ್ರದ ತೂಕ ಸಮಮಾಡಲು ಹಾಕಿರುವ ಕ್ಲಿಪ್ ಅದು. ಚಕ್ರವನ್ನು ತೊಳೆಯಬಹುದು, ಮೋಟಾರಿಗೆ ಮಾತ್ರ ಒಂದು ಹನಿ ನೀರೂ ತಗುಲಬಾರದು. ವಾರಂಟಿ ಇನ್ನೂ ಇದ್ದರೆ ಹೊರಗಿನವರಿಂದ ಬಿಚ್ಚಿಸುವ ಮುನ್ನ ಅದರ ಷರತ್ತುಗಳನ್ನು ಓದಿಕೊಳ್ಳಿ.

ನಿಮ್ಮ ಫಿಲ್ಟರು ಕಪ್ಪಾದ ವಿಷಯಕ್ಕೆ ಬಂದರೆ, ಅವರು ಹಾಕಿದ್ದು ಕಾಸ್ಟಿಕ್ ಸೋಡಾ ಇರಬೇಕು. ಸ್ಟೀಲ್ ಬ್ಯಾಫಲ್‌ಗಳಿಗೆ ನಮ್ಮ ಕೆಲಸದವರು ಅದನ್ನು ಬಳಸುವುದುಂಟು, ಬೇಗ ಕೆಲಸ ಮುಗಿಯುತ್ತದೆ. ನಿಮ್ಮವು ಬಹುಶಃ ಅಲ್ಯೂಮಿನಿಯಮ್ಮಿನವು.

---

ಉತ್ತರ: ರಸಾಯನ_ಮೇಷ್ಟ್ರು, ಮೈಸೂರು

ಮೇಸ್ತ್ರಿಯವರ ಕೊನೆಯ ಊಹೆ ಸರಿಯಾಗಿದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನಾದ್ದರಿಂದ ಆ ಬಕೆಟ್ಟಿನಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕೆನ್ನಿಸುತ್ತದೆ, ಏಕೆಂದರೆ ಇದು ಅಂದಚೆಂದದ ಪ್ರಶ್ನೆ ಮಾತ್ರವಲ್ಲ.

ಅಲ್ಯೂಮಿನಿಯಮ್ಮಿನ ಮೇಲೆ ಸದಾ ಒಂದು ತೆಳುವಾದ ಆಕ್ಸೈಡ್ ಪದರವಿರುತ್ತದೆ, ಲೋಹವನ್ನು ಕಾಯುವುದು ಅದೇ. ಕಾಸ್ಟಿಕ್ ಸೋಡಾ, ಎಂದರೆ ಸೋಡಿಯಮ್ ಹೈಡ್ರಾಕ್ಸೈಡ್, ಆ ಪದರವನ್ನು ಕರಗಿಸಿ ಕೆಳಗಿನ ಲೋಹವನ್ನೇ ತಿನ್ನತೊಡಗುತ್ತದೆ. ಆಗ ಶಾಖ ಹುಟ್ಟುತ್ತದೆ, ಹೈಡ್ರೋಜನ್ ಅನಿಲ ಬಿಡುಗಡೆಯಾಗುತ್ತದೆ. ನೀವು ಕಂಡ ನೊರೆ ಆ ಅನಿಲದ್ದು, ಮೂಗಿಗೆ ಅಡರಿದ್ದು ಗುಳ್ಳೆಗಳೊಡನೆ ಮೇಲೆದ್ದ ಕ್ಷಾರದ ತುಂತುರು. ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ, ಪಕ್ಕದಲ್ಲಿ ಒಲೆ ಉರಿಯುತ್ತಿರುವ ಅಡುಗೆಮನೆಯಲ್ಲಿ ಇಂತಹ ಕೆಲಸ ನಡೆಯಲೇಬಾರದು. ಕ್ಷಾರ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಸ್ಟೀಲ್ ಆಗಿದ್ದರೂ ಮನೆಯೊಳಗೆ ಕಾಸ್ಟಿಕ್ ಸೋಡಾ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಈ ವಿಷಯದಲ್ಲಿ ಮೇಸ್ತ್ರಿಯವರ ಬಳಗದ ಪದ್ಧತಿಯನ್ನು ನಾನು ಒಪ್ಪಲಾರೆ.

ಆದ್ದರಿಂದ ತೊಳೆಯುವ ಮೊದಲು ಲೋಹ ಯಾವುದೆಂದು ತಿಳಿಯಬೇಕು. ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ, ಅದೊಂದನ್ನೇ ನಂಬುವಂತಿಲ್ಲ. 430 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಯಸ್ಕಾಂತಕ್ಕೆ ಅಂಟುತ್ತದೆ, 304 ದರ್ಜೆಯದು ಬಹುತೇಕ ಅಂಟುವುದಿಲ್ಲ, ಅಲ್ಯೂಮಿನಿಯಮ್ ಕೂಡ ಅಂಟುವುದಿಲ್ಲ. ಅಂಟಿದರೆ ಅಲ್ಯೂಮಿನಿಯಮ್ ಅಲ್ಲವೆಂದು ಹೇಳಬಹುದು. ಅಂಟದಿದ್ದರೆ ಕೈಯಲ್ಲಿ ತೂಗಿ ನೋಡಿ. ಅಲ್ಯೂಮಿನಿಯಮ್ಮಿನ ಸಾಂದ್ರತೆ ಸ್ಟೀಲಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ, ಆ ಹಗುರತನ ಕೈಗೆ ತಿಳಿಯುತ್ತದೆ. ಪದರ ಪದರವಾದ ಜಾಲರಿ ಫಿಲ್ಟರುಗಳು ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನವು. ಬ್ಯಾಫಲ್ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಸ್ಟೀಲ್ ಆಗಿರಬೇಕೆಂದಿಲ್ಲ.

ಸ್ಟೀಲ್ ಆಗಿದ್ದರೆ ವಾಷಿಂಗ್ ಸೋಡಾ, ಎಂದರೆ ಸೋಡಿಯಮ್ ಕಾರ್ಬೊನೇಟ್, ಅತ್ಯುತ್ತಮ. ಹತ್ತು ಲೀಟರು ಚೆನ್ನಾಗಿ ಬಿಸಿಯಾದ ನೀರಿಗೆ ನಾಲ್ಕೈದು ದೊಡ್ಡ ಚಮಚ ಸೋಡಾ, ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ ಅರ್ಧ ಗಂಟೆ ನೆನೆಸಿದರೆ ಜಿಡ್ಡಿನ ಒಂದಂಶ ಕ್ಷಾರದೊಡನೆ ಕೂಡಿ ಸಾಬೂನಾಗಿ ಬದಲಾಗುತ್ತದೆ, ಉಳಿದುದನ್ನು ಕಳಚಿಕೊಳ್ಳಲು ಆ ಸಾಬೂನೇ ನೆರವಾಗುತ್ತದೆ. ನಮ್ಮ ಅಜ್ಜಿಯರು ಬಚ್ಚಲೊಲೆಯ ಬೂದಿಯಿಂದ ಜಿಡ್ಡಿನ ಪಾತ್ರೆ ಉಜ್ಜುತ್ತಿದ್ದುದರ ಹಿಂದೆಯೂ ಇದೇ ಗುಣವಿತ್ತು, ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಮ್ ಕಾರ್ಬೊನೇಟ್ ಇರುತ್ತದೆ. ಬೆಂಗಳೂರಿನಲ್ಲಿ ಕೊಳವೆಬಾವಿಯ ಗಡಸು ನೀರು ಬಳಸುವವರಿಗೆ ವಾಷಿಂಗ್ ಸೋಡಾದಿಂದ ಇನ್ನೊಂದು ಉಪಯೋಗವಿದೆ. ಅದು ನೀರಿನಲ್ಲಿರುವ ಕ್ಯಾಲ್ಸಿಯಮ್ಮನ್ನು ಕೆಳಗಿಳಿಸಿ ನೀರನ್ನು ಮೆದುಮಾಡುತ್ತದೆ, ಆಗ ಸಾಬೂನು ಚೆನ್ನಾಗಿ ನೊರೆಗಟ್ಟುತ್ತದೆ.

ಅಲ್ಯೂಮಿನಿಯಮ್ ಆಗಿದ್ದರೆ ವಾಷಿಂಗ್ ಸೋಡಾ ಕೂಡ ಬೇಡ. ಅದು ಕಾಸ್ಟಿಕ್‌ನಷ್ಟು ಉಗ್ರವಲ್ಲವಾದರೂ ಲೋಹವನ್ನು ಮಂಕಾಗಿಸುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್, ಇಷ್ಟೇ ಸಾಕು. ಒಂದು ಸಲಕ್ಕೆ ಹೋಗದಿದ್ದರೆ ನೀರು ಬದಲಿಸಿ ಇನ್ನೊಮ್ಮೆ ನೆನೆಸಿ. ಅಡುಗೆ ಸೋಡಾ ಸೌಮ್ಯವಾದದ್ದು, ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬಳಸಬಹುದು. ಕುದಿಯುವ ನೀರಿಗೆ ಹಾಕಿದರೆ ಮಾತ್ರ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ವಾಷಿಂಗ್ ಸೋಡಾ ಆಗಿಯೇ ಬದಲಾಗುತ್ತದೆ, ಆಗ ಫಿಲ್ಟರ್ ಕಪ್ಪಾಗುವುದರಲ್ಲಿ ಆಶ್ಚರ್ಯವಿಲ್ಲ. ಅಡುಗೆ ಸೋಡಾದೊಂದಿಗೆ ನಿಂಬೆರಸ ಅಥವಾ ವಿನಿಗರ್ ಬೆರೆಸುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಆಮ್ಲ ಮತ್ತು ಕ್ಷಾರ ಒಂದನ್ನೊಂದು ತಟಸ್ಥಗೊಳಿಸಿಕೊಂಡು ನೊರೆ ಏಳುತ್ತದೆಯೇ ಹೊರತು ಜಿಡ್ಡಿನ ಮೇಲೆ ಕೆಲಸ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಶೌಚಾಲಯ ತೊಳೆಯುವ ಆಮ್ಲವನ್ನಂತೂ ಯಾವ ಲೋಹಕ್ಕೂ ಹಾಕಬೇಡಿ, ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಸ್ಟೇನ್‌ಲೆಸ್ ಸ್ಟೀಲಿನಲ್ಲಿಯೂ ಗುಳಿ ಬೀಳಿಸುತ್ತದೆ. ಅದು ಬ್ಲೀಚಿನೊಡನೆ ಬೆರೆತರೆ ವಿಷಕಾರಿ ಕ್ಲೋರಿನ್ ಹುಟ್ಟುತ್ತದೆ.

ಈಗಾಗಲೇ ಕಪ್ಪಾಗಿರುವ ನಿಮ್ಮ ಫಿಲ್ಟರುಗಳನ್ನು ಎಸೆಯಬೇಕಿಲ್ಲ. ಕೈಗೆ ಹತ್ತುವ ಕಪ್ಪು ಹೋಗುವ ತನಕ ಸಾಬೂನು ನೀರಿನಲ್ಲಿ ಉಜ್ಜಿ ತೊಳೆಯಿರಿ. ತೂತು ಬಿದ್ದಿಲ್ಲದಿದ್ದರೆ, ಅಂಚು ಮುರಿದಿಲ್ಲದಿದ್ದರೆ ಅವು ಇನ್ನೂ ಕೆಲಸ ಮಾಡುತ್ತವೆ.

ಇನ್ನು ಆಟೋಕ್ಲೀನ್ ಪ್ರಶ್ನೆ. ಎಣ್ಣೆ ಹಳತಾದಂತೆ ಗಾಳಿಯ ಆಮ್ಲಜನಕದೊಡನೆ ಸೇರಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೊಸ ದೋಸೆಕಾವಲಿಗೆ ಎಣ್ಣೆ ಸವರಿ ಕಾಯಿಸಿ ಪಳಗಿಸುವಾಗ ಕಾವಲಿಯ ಮೇಲೆ ಕೂರುವ ಗಟ್ಟಿ ಪದರ ಹುಟ್ಟುವುದು ಇದೇ ಕ್ರಿಯೆಯಿಂದ. ಕಾವಲಿಯ ಮೇಲೆ ನಮಗೆ ಬೇಕಾದದ್ದು ಚಿಮ್ನಿಯಲ್ಲಿ ಬೇಡವಾದದ್ದು. ಶಾಖದಿಂದ ಶುಚಿಗೊಳಿಸುವ ಆಟೋಕ್ಲೀನ್ ಚಿಮ್ನಿಯಲ್ಲಿ ಬ್ಲೋವರಿನ ಸುತ್ತಲಿನ ಹೀಟರ್ ಬಿಸಿಯಾಗಿ, ಇನ್ನೂ ದ್ರವವಾಗಿರುವ ಎಣ್ಣೆ ತೆಳುವಾಗಿ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ. ಈಗಾಗಲೇ ಹೆಣೆದುಕೊಂಡ ಪದರ ಕಾಯಿಸಿದರೆ ಕರಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಆ ಗುಂಡಿಯನ್ನು ಕ್ರಮವಾಗಿ ಒತ್ತುವವರಿಗೆ ಮಾತ್ರ ಅದರಿಂದ ಲಾಭ. ವರ್ಷಗಟ್ಟಲೆ ಬಿಟ್ಟು ಒಂದು ದಿನ ಒತ್ತಿದರೆ ಏನೂ ಆಗದು. ಪೈಪಿನೊಳಗಿನ ಜಿಡ್ಡನ್ನಂತೂ ಯಾವ ಆಟೋಕ್ಲೀನ್ ವ್ಯವಸ್ಥೆಯೂ ಮುಟ್ಟುವುದಿಲ್ಲ.

---

ಉತ್ತರ: ಕರಾವಳಿ_ಅಡುಗೆ, ಮಂಗಳೂರು

ಮೇಷ್ಟ್ರು ಹೇಳಿದ ಎಣ್ಣೆಯ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಫಿಲ್ಟರ್ ಇಲ್ಲದ ಆಟೋಕ್ಲೀನ್ ಚಿಮ್ನಿ ಇದೆ. ನಾವು ಹೆಚ್ಚು ಬಳಸುವುದು ತೆಂಗಿನೆಣ್ಣೆ, ಮಗಳ ಮನೆಯಲ್ಲಿ ಸೂರ್ಯಕಾಂತಿ ಎಣ್ಣೆ. ನಮ್ಮ ಬಟ್ಟಲಿನಲ್ಲಿ ಸಂಗ್ರಹವಾಗುವುದು ತೆಳುವಾದ ಎಣ್ಣೆ, ಒರೆಸಿದರೆ ಹೋಗುತ್ತದೆ. ಅವಳ ಚಿಮ್ನಿಯ ಅಂಚಿನಲ್ಲಿ ಕೂರುವುದು ಉಗುರಿನಿಂದ ಕೆರೆದರೂ ಬಿಡದ ಹಳದಿ ಗೋಂದು. ಇಬ್ಬರೂ ಒಂದೇ ರೀತಿ ಅಡುಗೆ ಮಾಡುವವರು, ಆದ್ದರಿಂದ ಎಣ್ಣೆಯೇ ಇದಕ್ಕೆ ಕಾರಣವಿರಬೇಕೆಂದು ನನ್ನ ನಂಬಿಕೆ.

ಮಳೆಗಾಲದ ತಂಪಿನಲ್ಲಿ ತೆಂಗಿನೆಣ್ಣೆ ಫಿಲ್ಟರಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ, ಬಿಸಿನೀರು ತಗುಲಿದರೆ ಕರಗಿ ಹೋಗುತ್ತದೆ. ತಣ್ಣೀರಿನಲ್ಲಿ ಉಜ್ಜಿದರೆ ಮಾತ್ರ ಬ್ರಷ್ಷಿಗೆ ಮೆತ್ತಿಕೊಂಡು ಎಲ್ಲೆಡೆ ಹರಡುತ್ತದೆ.

ನಮ್ಮ ಕ್ರಮ ಹೀಗಿದೆ. ಒಲೆ ಹಚ್ಚುವ ಕೆಲವು ನಿಮಿಷ ಮೊದಲೇ ಚಿಮ್ನಿ ಹಚ್ಚುತ್ತೇವೆ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಬಿಡುತ್ತೇವೆ. ರಾತ್ರಿ ಒಲೆ ಒರೆಸುವಾಗಲೇ, ಚಿಮ್ನಿ ಪೂರ್ತಿ ಆರಿದ ಮೇಲೆ, ಅದರ ಕೆಳಮೈಯನ್ನು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುತ್ತೇವೆ. ದ್ರವವನ್ನು ನೇರವಾಗಿ ಚಿಮ್ನಿಯ ಮೇಲೆ ಸಿಂಪಡಿಸುವುದಿಲ್ಲ, ಗುಂಡಿಗಳ ಸಂದಿನಲ್ಲಿ ನೀರಿಳಿದರೆ ಟಚ್ ಪ್ಯಾನೆಲ್ ಕೆಡುತ್ತದೆ. ಎಣ್ಣೆಯ ಬಟ್ಟಲನ್ನು ವಾರಕ್ಕೊಮ್ಮೆ ತೆಗೆದು ನೋಡುತ್ತೇವೆ. ಹಬ್ಬದ ಮೊದಲು ಹಪ್ಪಳ, ಸಂಡಿಗೆ, ಚಕ್ಕುಲಿ ಕರಿದ ವಾರದಲ್ಲಿ ಬಟ್ಟಲು ಬೇಗ ತುಂಬುತ್ತದೆ. ಫಿಲ್ಟರ್ ಇರುವ ಚಿಮ್ನಿಯಾದರೆ ನಿತ್ಯ ಒಗ್ಗರಣೆ ಹಾಕುವ ಮನೆಯಲ್ಲಿ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ, ಬ್ಯಾಫಲನ್ನು ತಿಂಗಳಿಗೊಮ್ಮೆ ತೊಳೆಯುವುದು ಒಳ್ಳೆಯದು.

ಬಟ್ಟಲಿನ ಎಣ್ಣೆಯನ್ನು ದಯವಿಟ್ಟು ಸಿಂಕಿಗೆ ಸುರಿಯಬೇಡಿ, ಒಳಗೆ ಹೆಪ್ಪುಗಟ್ಟಿ ಪೈಪು ಕಟ್ಟುತ್ತದೆ. ಹಳೆಯ ಪತ್ರಿಕೆಗೆ ಹೀರಿಸಿ ಕಸಕ್ಕೆ ಹಾಕಿ. ಫಿಲ್ಟರು ನೆನೆಸುವ ಮೊದಲು ಮೇಲಿನ ದಪ್ಪ ಜಿಡ್ಡಿನ ಮೇಲೆ ಕಡಲೆಹಿಟ್ಟು ಉದುರಿಸಿ ಕಾಗದದಿಂದ ಒರೆಸಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

---

ಉತ್ತರ: ರಸಾಯನ_ಮೇಷ್ಟ್ರು, ಮೈಸೂರು

ಅಕ್ಕನವರ ಗಮನಿಕೆ ತುಂಬಾ ನಿಖರವಾಗಿದೆ. ಎಣ್ಣೆ ಎಷ್ಟು ಸುಲಭವಾಗಿ ಹೀಗೆ ಹೆಣೆದುಕೊಳ್ಳುತ್ತದೆ ಎಂಬುದನ್ನು ಅಂದಾಜು ಮಾಡಲು ಅಯೋಡಿನ್ ಮೌಲ್ಯವೆಂಬ ಅಳತೆ ಇದೆ, ಅದು ಹೆಚ್ಚಿದ್ದಷ್ಟೂ ಹೆಣೆದುಕೊಳ್ಳುವುದು ಸುಲಭ. ಸೂರ್ಯಕಾಂತಿ ಎಣ್ಣೆಗೆ ಅದು ಸುಮಾರು 120ರಿಂದ 140, ಕಡಲೆಕಾಯಿ ಎಣ್ಣೆಗೆ 85ರಿಂದ 105ರ ಆಸುಪಾಸು, ತೆಂಗಿನೆಣ್ಣೆಗೆ ಕೇವಲ 10ರ ಆಸುಪಾಸು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದ್ದರಿಂದಲೇ ಮಳೆಗಾಲದಲ್ಲಿ ಬೆಳ್ಳಗಾಗುತ್ತದೆ. ಸೂರ್ಯಕಾಂತಿ ಎಣ್ಣೆ ಬಳಸುವ ಮನೆಯವರು ತೊಳೆಯುವ ಅವಧಿಯನ್ನು ಹಿಗ್ಗಿಸಬಾರದು, ಎಣ್ಣೆ ಹರಿಯುವ ಹಂತದಲ್ಲಿ ಇರುವಾಗಲೇ ತೆಗೆದುಬಿಡಬೇಕು. ಗೋಂದಿನ ಹಂತಕ್ಕೆ ಬಂದ ಮೇಲೆ ಉಗ್ರ ಕ್ಷಾರದ ಮೊರೆಹೋಗಬೇಕಾಗುತ್ತದೆ, ಅಲ್ಲಿಂದಲೇ ಈ ಎಲ್ಲ ತೊಂದರೆಗಳು ಶುರುವಾಗುತ್ತವೆ.

---

ಪ್ರಶ್ನೆ ಕೇಳಿದವರಿಂದ: ಒಗ್ಗರಣೆ_ಬೆಂಗಳೂರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ಪರೀಕ್ಷಿಸಿ ನೋಡಿದೆವು. ಫಿಲ್ಟರುಗಳು ಹಗುರವಾಗಿವೆ, ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅಲ್ಯೂಮಿನಿಯಮ್ಮೇ ಸರಿ. ಅವುಗಳನ್ನು ತೆಗೆದರೂ ಎಳೆತದಲ್ಲಿ ಹೇಳುವಂತಹ ವ್ಯತ್ಯಾಸವಾಗಲಿಲ್ಲ. ನನ್ನ ಯಜಮಾನರು ಪೈಪನ್ನು ಕಾಲರಿನಿಂದ ಬಿಡಿಸಿದಾಗ ಮಾತ್ರ ಎಳೆತ ತಟ್ಟನೆ ಹೆಚ್ಚಾಯಿತು. ಬ್ಲೋವರ್ ಕೈಯಿಂದ ಸಲೀಸಾಗಿ ತಿರುಗುತ್ತದೆ, ಆದರೆ ರೆಕ್ಕೆಗಳ ಮೇಲೆ ದಪ್ಪ ಜಿಡ್ಡು ಇದೆ. ಪೈಪು ಅಕಾರ್ಡಿಯನ್ನಿನಂತೆ ಮಡಿಕೆಗಳಿರುವ ಅಲ್ಯೂಮಿನಿಯಮ್ ಪೈಪು. ಫಾಲ್ಸ್ ಸೀಲಿಂಗಿನೊಳಗೆ ಮೂರು ಕಡೆ ತಿರುಗಿ, ಕೊನೆಯಲ್ಲಿ ಗೋಡೆಯ 4 ಇಂಚಿನ ರಂಧ್ರದಿಂದ ಹೊರಹೋಗುತ್ತದೆ. ಹೊರಬಾಯಿಗೆ ಪಾರಿವಾಳ ಬಾರದಂತೆ ಸಣ್ಣ ಕಣ್ಣಿನ ಜಾಲರಿ ಬಡಿದಿದ್ದಾರೆ.

ಒಂದು ವಿಷಯ ಕೇಳಬೇಕು. ಒಂದು ಫಿಲ್ಟರಿನ ಅಂಚಿನ ಸಣ್ಣ ರಂಧ್ರಗಳು ಕೆಳಗೆ ಬಂದಿವೆ, ಇನ್ನೊಂದರಲ್ಲಿ ಮೇಲಕ್ಕಿವೆ. ಅದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

---

ಉತ್ತರ: ಮೋಟಾರು_ಮೇಸ್ತ್ರಿ, ಹುಬ್ಬಳ್ಳಿ

ಖಂಡಿತ ಆಗುತ್ತದೆ ಮೇಡಂ. ಬ್ಯಾಫಲಿನೊಳಗೆ ಗಾಳಿ ಥಟ್ಟನೆ ತಿರುವು ತೆಗೆದುಕೊಳ್ಳುವಾಗ ಎಣ್ಣೆಯ ಕಣಗಳು ತಿರುಗಲಾರದೆ ಲೋಹಕ್ಕೆ ಬಡಿದು ಅಂಟಿಕೊಳ್ಳುತ್ತವೆ, ಆಮೇಲೆ ಕಾಲುವೆಗುಂಟ ಕೆಳಗಿಳಿದು ಆ ರಂಧ್ರಗಳಿಂದ ಎಣ್ಣೆಯ ತೊಟ್ಟಿಗೆ ಸೇರುತ್ತವೆ. ರಂಧ್ರ ಮೇಲಾದರೆ ಎಣ್ಣೆ ಫಿಲ್ಟರಿನಲ್ಲೇ ನಿಂತು ಅಂಚು ಮೀರಿ ಹನಿಯುತ್ತದೆ. ಸರ್ವಿಸಿಗೆ ಬಂದವರು ಒಂದನ್ನು ತಲೆಕೆಳಗಾಗಿ ಕೂರಿಸಿರಬೇಕು, ತಿರುಗಿಸಿ ಹಾಕಿ. ಮೋಟಾರು ಚೆನ್ನಾಗಿದೆ. ಬ್ಲೋವರ್ ತೊಳೆಸಿ, ಪೈಪು ನೋಡಿ. ಹೊಸ ಚಿಮ್ನಿ ಕೊಂಡು ಅದೇ ಪೈಪಿಗೆ ಜೋಡಿಸಿದರೆ ಹಣ ಹೋಗುತ್ತದೆಯೇ ಹೊರತು ಘಾಟು ಹೋಗುವುದಿಲ್ಲ.

---

ಉತ್ತರ: ಗಾಳಿ_ಬೆಳಕು, ಬೆಂಗಳೂರು

ಮನೆಗಳ ಒಳಾಂಗಣ ವಿನ್ಯಾಸ ನನ್ನ ವೃತ್ತಿ. ಪೈಪಿನ ವಿಷಯ ಬಂದುದರಿಂದ ಬರೆಯುತ್ತಿದ್ದೇನೆ, ಏಕೆಂದರೆ ಚಿಮ್ನಿ ಕೊಳ್ಳುವಾಗ ಎಲ್ಲರೂ ಹೀರುವ ಶಕ್ತಿಯ ಅಂಕಿಯನ್ನು ನೋಡುತ್ತಾರೆ, ಪೈಪಿನ ದಾರಿಯನ್ನು ಯಾರೂ ನೋಡುವುದಿಲ್ಲ.

ಈ ಗಾತ್ರದ ಚಿಮ್ನಿಗಳ ಕಾಲರ್ ಸಾಮಾನ್ಯವಾಗಿ 6 ಇಂಚು, ಎಂದರೆ ಸುಮಾರು 150 ಮಿಲಿಮೀಟರ್ ಇರುತ್ತದೆ. ಅದನ್ನು 4 ಇಂಚಿಗೆ ಇಳಿಸಿದರೆ ಗಾಳಿ ಹೋಗುವ ಜಾಗ ಮೂರನೆಯ ಎರಡು ಭಾಗಕ್ಕೆ ಇಳಿಯಿತೆಂದು ಅನೇಕರು ಭಾವಿಸುತ್ತಾರೆ. ಜಾಗ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಉಳಿಯುವುದು ಶೇಕಡಾ 44 ಮಾತ್ರ. ಅದರ ಮೇಲೆ ಸಣ್ಣ ಕಣ್ಣಿನ ಜಾಲರಿ ಬಡಿದರೆ, ಎಣ್ಣೆ ಮತ್ತು ಧೂಳು ಸೇರಿ ಕಣ್ಣುಗಳೆಲ್ಲ ಮುಚ್ಚಿಹೋಗುತ್ತವೆ. ನಿಮ್ಮ ಮನೆಯಲ್ಲಿ ಮುಖ್ಯ ಅಡ್ಡಿ ಅಲ್ಲೇ ಇರಬೇಕು, ಮೊದಲು ಆ ಜಾಲರಿಯನ್ನು ತೆಗೆಸಿ ನೋಡಿ. ಅದರ ಬದಲಿಗೆ ಗಾಳಿ ಬಂದಾಗ ತೆರೆದು, ಚಿಮ್ನಿ ಆರಿದಾಗ ತಾನೇ ಮುಚ್ಚುವ ರೆಕ್ಕೆಗಳಿರುವ 6 ಇಂಚಿನ ಮುಚ್ಚಳ ಹಾಕಿಸಿ. ಅದು ಪಾರಿವಾಳವನ್ನೂ ಹೊರಗಿನ ಧೂಳನ್ನೂ ತಡೆಯುತ್ತದೆ. ಗೋಡೆಯ ರಂಧ್ರವನ್ನು ದೊಡ್ಡದು ಮಾಡಿಸಲು ಕೋರ್ ಕಟಿಂಗ್ (ಯಂತ್ರದಿಂದ ಗೋಡೆಯನ್ನು ದುಂಡಗೆ ಕೊರೆಯುವುದು) ಮಾಡುವವರನ್ನು ಕರೆಸಬೇಕು, ಅಪಾರ್ಟ್‌ಮೆಂಟಿನ ಸಂಘದ ಅನುಮತಿ ಪಡೆದುಕೊಳ್ಳಬೇಕು. ತೊಲೆ ಅಥವಾ ಕಂಬಕ್ಕೆ ಮಾತ್ರ ಕೈಹಾಕಿಸಬೇಡಿ.

ಮಡಿಕೆಯ ಪೈಪನ್ನು ತೊಳೆಯಲು ಹೋಗಬೇಡಿ, ಅದು ಹರಿದು ತೂತಾಗುತ್ತದೆ. ಬದಲಿಸುವುದೇ ಲೇಸು. ಸಾಧ್ಯವಾದರೆ ನುಣುಪಾದ ಒಳಮೈಯ ಲೋಹದ ಪೈಪು ಹಾಕಿಸಿ. ಅದು ಆಗದಿದ್ದರೆ ಮಡಿಕೆಯ ಪೈಪನ್ನೇ ಪೂರ್ತಿ ಎಳೆದು ಬಿಗಿಯಾಗಿ ಜೋಡಿಸಿ, ಹೆಚ್ಚಾದ ಉದ್ದವನ್ನು ಕತ್ತರಿಸಿ ತೆಗೆಸಿ. ಸಡಿಲ ಬಿಟ್ಟಷ್ಟೂ ಮಡಿಕೆಗಳಲ್ಲಿ ಎಣ್ಣೆ ನಿಲ್ಲುತ್ತದೆ. ಮೂರು ತಿರುವುಗಳನ್ನು ಒಂದಕ್ಕೆ ಅಥವಾ ಎರಡಕ್ಕೆ ಇಳಿಸಲು ಯತ್ನಿಸಿ. ಪೈಪು ಹೊರಗೋಡೆಯ ಕಡೆಗೆ ಅಲ್ಪ ಇಳಿಜಾರಾಗಿರಲಿ, ಆಗ ಒಳಗೆ ತಣಿದು ಇಳಿಯುವ ಎಣ್ಣೆ ಮತ್ತು ನೀರು ಹಿಂದಕ್ಕೆ ಹರಿದು ನಿಮ್ಮ ಒಲೆಯ ಮೇಲೆ ಬೀಳುವುದಿಲ್ಲ. ಫಾಲ್ಸ್ ಸೀಲಿಂಗಿನಲ್ಲಿ ಪೈಪಿನ ತಿರುವಿನ ಕೆಳಗೆ ಒಂದು ಸಣ್ಣ ಬಾಗಿಲನ್ನು ಮಾಡಿಸಿಕೊಂಡರೆ ಮುಂದೆ ಪರೀಕ್ಷಿಸಲು ಅನುಕೂಲ.

ಹೊಗೆಕೊಳವೆಯನ್ನು ಮರೆತರೆ ಎಷ್ಟು ಒಳ್ಳೆಯ ಉಪಕರಣವೂ ಸೋಲುತ್ತದೆ ಎನ್ನುವುದು ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ (ASTRA) ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹಳ್ಳಿಯ ಮನೆಗಳಿಗಾಗಿ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಅಂತಹ ಒಲೆಯಲ್ಲಿಯೂ ಕೊಳವೆಯ ಮಸಿಯನ್ನು ಆಗಾಗ ಕೆಡವದಿದ್ದರೆ ಹೊಗೆ ಅಡುಗೆಮನೆಗೇ ತಿರುಗಿ ಬರುತ್ತದೆ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ನಿಮ್ಮ ಅಡುಗೆಮನೆ 8 ಅಡಿಗೆ 10 ಅಡಿ, ಎತ್ತರ ಹತ್ತಡಿ ಎಂದುಕೊಂಡರೆ ಒಳಗಿರುವ ಗಾಳಿ ಸುಮಾರು 23 ಘನ ಮೀಟರ್. ಗಂಟೆಗೆ 1000 ಘನ ಮೀಟರ್ ಎಳೆಯುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿರುವ ಚಿಮ್ನಿ, ಅದರ ಅರ್ಧದಷ್ಟನ್ನೇ ಎಳೆದರೂ, ಮೂರು ನಿಮಿಷದೊಳಗೆ ಅಷ್ಟು ಗಾಳಿಯನ್ನು ಹೊರಹಾಕುತ್ತದೆ. ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಬರಬೇಕು. ಬಾಗಿಲು, ಕಿಟಕಿ ಎಲ್ಲವನ್ನೂ ಮುಚ್ಚಿ ಚಿಮ್ನಿ ಹಚ್ಚಿದರೆ ಎಳೆತ ತಾನಾಗಿಯೇ ಕುಸಿಯುತ್ತದೆ. ಒಲೆಯ ಪಕ್ಕದ ಕಿಟಕಿಯನ್ನು ತೆರೆದರೆ ಅಡ್ಡಗಾಳಿಗೆ ಹೊಗೆ ಚಿಮ್ನಿ ತಲುಪುವ ಮೊದಲೇ ಚದುರುತ್ತದೆ. ಆದ್ದರಿಂದ ಪಕ್ಕದ ಕೋಣೆಯ ಕಿಟಕಿಯನ್ನು ಸ್ವಲ್ಪ ತೆರೆದಿಡುವುದು ಸರಿ.

ನಿಮ್ಮ ಯುಟಿಲಿಟಿಯಲ್ಲಿ ಅಥವಾ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ, ಅದು ಉರಿಯುತ್ತಿರುವಾಗ ಕಿಟಕಿಗಳನ್ನು ಮುಚ್ಚಿ ಚಿಮ್ನಿ ಹಚ್ಚಬಾರದು. ಚಿಮ್ನಿಯ ಎಳೆತಕ್ಕೆ ಗೀಸರಿನ ಸುಟ್ಟ ಅನಿಲ ಹೊರಹೋಗುವ ಬದಲು ಮನೆಯೊಳಕ್ಕೆ ಬರಬಹುದು, ಅದರಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗೆಯೇ ಅಡುಗೆ ಅನಿಲ ಸೋರಿದ ವಾಸನೆ ಬಂದಾಗ ಅದನ್ನು ಹೊರಹಾಕಲೆಂದು ಚಿಮ್ನಿಯ ಗುಂಡಿ ಒತ್ತಬಾರದು. ಸಿಲಿಂಡರಿನ ಅಡುಗೆ ಅನಿಲ (ಎಲ್‌ಪಿಜಿ) ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡಿರುತ್ತದೆ, ಗುಂಡಿಯ ಒಂದು ಕಿಡಿಯೇ ಅನಾಹುತಕ್ಕೆ ಸಾಕು. ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

---

ಪ್ರಶ್ನೆ ಕೇಳಿದವರಿಂದ: ಒಗ್ಗರಣೆ_ಬೆಂಗಳೂರು

ಗ್ಯಾಸ್ ಗೀಸರ್ ಯುಟಿಲಿಟಿಯಲ್ಲೇ ಇದೆ. ಈ ಸಂಬಂಧವನ್ನು ಇದುವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಹೊರಬಾಯಿಯ ಜಾಲರಿಯನ್ನು ಈ ವಾರ ತೆಗೆಸುತ್ತೇವೆ, ಸಂಘಕ್ಕೆ ರಂಧ್ರದ ಬಗ್ಗೆ ಅರ್ಜಿ ಕೊಡುತ್ತೇವೆ. ಮೇಸ್ತ್ರಿಯವರೇ, ಬ್ಲೋವರ್ ತೊಳೆಸುವುದು ಮೊದಲೋ ಪೈಪು ಬದಲಿಸುವುದು ಮೊದಲೋ?

---

ಉತ್ತರ: ಮೋಟಾರು_ಮೇಸ್ತ್ರಿ, ಹುಬ್ಬಳ್ಳಿ

ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ, ಪೈಪು ಬಿಚ್ಚಿದಾಗಲೇ ಬ್ಲೋವರ್ ಹೊರತೆಗೆಯುವುದು ಸುಲಭ. ಬಿಚ್ಚುವ ಮೊದಲು ತಂತಿಗಳ ಜೋಡಣೆಯ ಫೋಟೋ ತೆಗೆದಿಟ್ಟುಕೊಳ್ಳಿ. ಚಕ್ರ ಪ್ಲಾಸ್ಟಿಕ್ಕಿನದಾದರೆ ಕುದಿಯುವ ನೀರು ಹಾಕಬೇಡಿ, ಸೊಟ್ಟಗಾಗುತ್ತದೆ. ಕೈಗೆ ತಡೆಯುವಷ್ಟು ಬಿಸಿಯಾದ ಸಾಬೂನು ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ರೆಕ್ಕೆಯನ್ನು ಉಜ್ಜಿಸಿ. ಅರ್ಧ ಚಕ್ರ ಉಜ್ಜಿ ಅರ್ಧ ಬಿಟ್ಟರೆ ಅದುರುವಿಕೆ ಮೊದಲಿಗಿಂತ ಹೆಚ್ಚಾಗುತ್ತದೆ. ಪೂರ್ತಿ ಒಣಗಿದ ಮೇಲೆ ಜೋಡಿಸಿ, ಮೊದಲು ಒಂದನೆಯ ವೇಗದಲ್ಲಿ ಐದು ನಿಮಿಷ ಓಡಿಸಿ ಸದ್ದು ಕೇಳಿ, ಆಮೇಲೆ ಮೂರಕ್ಕೆ ಹೋಗಿ. ಸದ್ದು ಇನ್ನೂ ಇದ್ದರೆ ಒಂದು ರೆಕಾರ್ಡಿಂಗ್ ಇಲ್ಲಿ ಹಾಕಿ, ಕೇಳಿ ಹೇಳುತ್ತೇನೆ.